ಅಮ್ನೋನನದೂ ಅಗಾಪೆಯೇ

ಬೈಬಲ್ಲಿನಲ್ಲಿ ಪ್ರೀತಿಗೆ ಬರುವ ಗ್ರೀಕ್ ಪದ ‘ಅಗಾಪೆ’ ಕುರಿತ ನಿಮ್ಮ ಲೇಖನ ‘ಅಗಾಪೆ: ದೇವರಿಗಷ್ಟೇ ಮೀಸಲಾದ ಪ್ರೀತಿ’ ಓದಿದೆ. ಅಜ್ಜಿಯ ರಾತ್ರಿ ಪ್ರಾರ್ಥನೆಯ ಪ್ಯಾರಾ ಚೆನ್ನಾಗಿದೆ, ಭಾಷೆಯೂ ಸಲೀಸು. ಇನ್ನು ಜಗಳ.

‘ಅಗಾಪೆ ಎಂದರೆ ಸ್ವಾರ್ಥವಿಲ್ಲದ ದೈವಿಕ ಪ್ರೀತಿ ಮಾತ್ರ.’ ಆ ‘ಮಾತ್ರ’ ನೋಡಿ ಮೈ ಉರಿಯಿತು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದ ಸೆಪ್ಟುಅಜಿಂಟ್‌ನಲ್ಲಿ ಸಮುವೇಲನ ಎರಡನೆಯ ಪುಸ್ತಕದ 13ನೇ ಅಧ್ಯಾಯ ತೆಗೆಯಿರಿ. ದಾವೀದ ರಾಜನ ಮಗ ಅಮ್ನೋನ್ ತನ್ನ ತಂಗಿ ತಾಮಾರಳನ್ನು ಕೆಡಿಸಿ, ಮರುಕ್ಷಣವೇ ದ್ವೇಷಿಸಿ ಹೊರಗೆ ಹಾಕಿಸುತ್ತಾನೆ. ಮೊದಲು ಅವಳ ಮೇಲೆ ಅವನಿಗಿದ್ದ ಆ ಹುಚ್ಚಿಗೆ ಅಲ್ಲಿರುವ ಪದ ಅಗಾಪೆಯೇ. ಹೊಸ ಒಡಂಬಡಿಕೆಯದೇ ಬೇಕಾ? ಕಟ್ಟುನಿಟ್ಟಿನ ಯೆಹೂದಿ ಪಂಥದವರಾದ ಫರಿಸಾಯರಿಗೆ ಸಭಾಮಂದಿರದ ಮುಂದಿನ ಪೀಠದ ಆಸೆ ಅಂತ ಲೂಕ 11:43ರಲ್ಲಿದೆ. ಅಲ್ಲಿರುವುದು ಅಗಾಪೆಯದೇ ಕ್ರಿಯಾಪದ, ಅಗಪಾಓ. ಅದೇ ಲೂಕ 20:46ರಲ್ಲಿ ಶಾಸ್ತ್ರಿಗಳಿಗೂ ಅದೇ ಪೀಠದ ಆಸೆ, ಅಲ್ಲಿ ಫಿಲೆಓ, ನೀವು ‘ಸ್ನೇಹ’ ಅನ್ನುವ ಪದ. ಕುರ್ಚಿ ಬದಲಾಗಲಿಲ್ಲ, ಆಸೆಯೂ ಬದಲಾಗಲಿಲ್ಲ, ಅಲ್ವಾ?

ಮುಂದಿನ ಸಾಲು: ‘ಯೇಸು ಎರಡು ಸಲ ಅಗಾಪೆ ಕೇಳಿದ, ಪೇತ್ರ ಬರೀ ಸ್ನೇಹ ಕೊಟ್ಟ, ಮೂರನೆಯ ಸಲ ಯೇಸುವೇ ಸ್ನೇಹಕ್ಕೆ ಇಳಿದ.’ ಯೋಹಾನ 21ರಲ್ಲಿ ಯೇಸು ಪೇತ್ರನನ್ನು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ?’ ಅಂತ ಕೇಳುವಾಗ ಪದ ಬದಲಾಗುವುದು ನಿಜ. ಆದರೆ ಅದೇ ಮೂರು ವಚನಗಳಲ್ಲಿ ‘ನನ್ನ ಕುರಿಮರಿಗಳನ್ನು ಮೇಯಿಸು’ ಅನ್ನುವ ಅಪ್ಪಣೆಯಲ್ಲೂ ಕುರಿಮರಿ ಕುರಿಯಾಗುತ್ತದೆ, ಮೇಯಿಸುವುದು ಕಾಯುವುದಾಗುತ್ತದೆ, ಅವಕ್ಕೆಲ್ಲ ನೀವು ಗುಟ್ಟು ಹುಡುಕಲಿಲ್ಲ. ‘ತಂದೆ ಮಗನನ್ನು ಪ್ರೀತಿಸುತ್ತಾನೆ’ ಅನ್ನುವುದಕ್ಕೇ ಯೋಹಾನ 3:35ರಲ್ಲಿ ಅಗಪಾಓ, 5:20ರಲ್ಲಿ ಫಿಲೆಓ. ತಂದೆಯೂ ಸ್ನೇಹಕ್ಕೆ ಇಳಿದನಾ? ಪೇತ್ರನಿಗೆ ನೋವಾದದ್ದು ಮೂರನೆಯ ಸಲ ಕೇಳಿದ್ದಕ್ಕೆ. ಯೇಸು ಬಂಧಿತನಾದ ರಾತ್ರಿ ಮೂರು ಸಲ ‘ಅವನನ್ನು ಅರಿಯೆ’ ಅಂದವನಿಗೆ ಮೂರರ ಲೆಕ್ಕ ಚುಚ್ಚದೆ ಇರುತ್ತದೆಯೇ? ಆ ಲೆಕ್ಕ ನಿಮ್ಮ ಲೇಖನದಲ್ಲೇ ಇಲ್ಲ. ಅಂದಹಾಗೆ ಅಜ್ಜಿಯ ಪ್ಯಾರಾದಲ್ಲಿ ನೀವು ಪ್ರೀತಿ, ಒಲವು, ಅಕ್ಕರೆ ಮೂರನ್ನೂ ಬಳಸಿದ್ದೀರಿ, ಅಜ್ಜಿಗೆ ಮೂರು ಬಗೆಯ ಪ್ರೀತಿ ಇತ್ತು ಅಂತಲಾ?

ಸಿಟ್ಟು ಜಾಸ್ತಿ ಆಯಿತೇನೋ. ನಾನೂ 22ನೇ ವಯಸ್ಸಿನಲ್ಲಿ ಇಂಥದ್ದೇ ಬರೆದಿದ್ದೆ: ಪೌಲ ಸುವಾರ್ತೆಯನ್ನು ದೇವರ ‘ಡ್ಯುನಾಮಿಸ್’ (ಗ್ರೀಕಿನಲ್ಲಿ ಶಕ್ತಿ) ಅಂದಿದ್ದಾನೆ, ಡೈನಮೈಟ್ ಅದರಿಂದಲೇ ಬಂದದ್ದು, ಹಾಗಾಗಿ ಸುವಾರ್ತೆ ಸಿಡಿಮದ್ದು ಅಂತ. ಬಹಳ ಹೆಮ್ಮೆಯಿಂದ ಕಳಿಸಿದ್ದೆ. ಮುದಿ ಸಂಪಾದಕರೊಬ್ಬರು ಕೆಂಪು ಶಾಯಿಯಲ್ಲಿ ‘ಡೈನಮೈಟ್: ನೊಬೆಲ್, 1867. ಪೌಲ, ಒಂದನೇ ಶತಮಾನ’ ಅಂತ ಬರೆದು ವಾಪಸ್ ಕಳಿಸಿದರು, ಬೇರೆ ಒಂದಕ್ಷರವೂ ಇಲ್ಲ. ಒಂದು ವಾರ ಅವರಿಗೆ ಮನಸ್ಸಿನಲ್ಲೇ ಬೈದುಕೊಂಡು ಓಡಾಡಿದೆ. ಆಮೇಲೆ ಸುಮ್ನೆ ಹೋಗಿ ಒಂದು ಪದಾನುಕ್ರಮಣಿಕೆ ಕೊಂಡೆ, ಬೈಬಲ್ಲಿನ ಯಾವ ಪದ ಎಲ್ಲೆಲ್ಲಿ ಬರುತ್ತದೆ ಅಂತ ತೋರಿಸುವ ಪುಸ್ತಕ.

ಎರಡನೆಯ ಪುಟ ಕಿತ್ತುಹಾಕಿ. ಅಮ್ನೋನನನ್ನು ಒಳಗೆ ಬಿಟ್ಟುಕೊಂಡು ಮತ್ತೆ ಬರೆಯಿರಿ. ಅಜ್ಜಿಯನ್ನು ಮುಟ್ಟಬೇಡಿ.