ಸಂಸತ್ತಿಗೆ ತಡವಾಗಿ ಬರುವ ವಾರ್ಷಿಕ ವರದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೇಂದ್ರ ಸರ್ಕಾರದ ಸಂಸ್ಥೆಗಳ ವಾರ್ಷಿಕ ವರದಿ ಮತ್ತು ಅದರ ಮೇಲೆ ಕಣ್ಣಿಡುವ ಸಂಸದೀಯ ಸಮಿತಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಡತದ ವಿಷಯ ಎಂದು ಪುಟ ತಿರುಗಿಸಬೇಡಿ. ನಿಮ್ಮೂರಿನ ಸಂಶೋಧನಾ ಕೇಂದ್ರವೋ ಆಸ್ಪತ್ರೆಯೋ ನಿಮ್ಮ ತೆರಿಗೆ ಹಣವನ್ನು ಹೇಗೆ ಬಳಸಿತು ಎಂಬುದು ಜನಪ್ರತಿನಿಧಿಗಳ ಕೈಗೆ ಬರಹದಲ್ಲಿ ಸಿಗುವುದು ಈ ವರದಿಯಲ್ಲೇ.

ಪ್ರಶ್ನೆ: ನಮ್ಮೂರಿನ ಕೇಂದ್ರ ಸ್ವಾಯತ್ತ ಸಂಸ್ಥೆಯೊಂದರ ಜಾಲತಾಣದಲ್ಲಿ ಎರಡು ವರ್ಷ ಹಿಂದಿನ ವಾರ್ಷಿಕ ವರದಿಯೇ ಕೊನೆಯದು. ಇದಕ್ಕೆಲ್ಲ ಗಡುವು ಎಂಬುದು ಇಲ್ಲವೇ? (ನಿವೃತ್ತ ಶಿಕ್ಷಕರು, ಧಾರವಾಡ)

ಇದೆ. ಹಣಕಾಸು ವರ್ಷ ಮುಗಿದ 9 ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ವಾರ್ಷಿಕ ವರದಿ ಮತ್ತು ಆಡಿಟ್ ಆದ ಲೆಕ್ಕಪತ್ರ ಎರಡೂ ಸಂಸತ್ತಿನ ಎರಡೂ ಸದನಗಳಲ್ಲಿ ಮಂಡನೆಯಾಗಬೇಕು. ಈ ಗಡುವನ್ನು ಹಾಕಿಕೊಟ್ಟಿದ್ದು ಲೋಕಸಭೆಯ ‘ಸದನದಲ್ಲಿ ಮಂಡಿಸಿದ ಕಾಗದಪತ್ರಗಳ ಸಮಿತಿ’. 1975ರಲ್ಲಿ ರಚನೆಯಾದ ಈ ಸಮಿತಿಯಲ್ಲಿ ಸ್ಪೀಕರ್ ನೇಮಿಸುವ 15 ಸದಸ್ಯರಿರುತ್ತಾರೆ. ಸಚಿವರಾದವರಿಗೆ ಇದರಲ್ಲಿ ಜಾಗವಿಲ್ಲ. ರಾಜ್ಯಸಭೆಗೂ 1981ರಿಂದ ಇಂಥದ್ದೇ ಒಂದು ಸಮಿತಿ ಇದೆ.

ಆ 9 ತಿಂಗಳು ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017 ಹೇಳುತ್ತವೆ. ಆಡಳಿತ ಮಂಡಳಿ ಒಪ್ಪಿದ ಲೆಕ್ಕಪತ್ರ ಜೂನ್ 30ಕ್ಕೆ ಆಡಿಟ್ ಕಚೇರಿಯ ಕೈಯಲ್ಲಿರಬೇಕು. ಅಕ್ಟೋಬರ್ 31ಕ್ಕೆ ಸಿಎಜಿಯ (ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ) ಪ್ರತ್ಯೇಕ ಲೆಕ್ಕಪರಿಶೋಧನಾ ವರದಿ ಸಂಸ್ಥೆಗೆ ಬರಬೇಕು. ಡಿಸೆಂಬರ್ 31ಕ್ಕೆ ಎಲ್ಲವೂ ಸಚಿವಾಲಯಕ್ಕೆ ತಲುಪಿರಬೇಕು.

ತೊಡಕು ಈ ಕೊನೆಯ ದಿನಾಂಕದಲ್ಲೇ ಇದೆ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಮುಗಿದುಹೋಗುತ್ತದೆ. ಡಿಸೆಂಬರ್ 31ಕ್ಕೆ ಕಡತ ಕಳಿಸಿದ ಸಂಸ್ಥೆ ಕಾಗದದ ಮೇಲೆ ಗಡುವು ಪಾಲಿಸಿರುತ್ತದೆ, ಸದನಕ್ಕೆ ವರದಿ ಬರುವುದು ಮಾತ್ರ ಬಜೆಟ್ ಅಧಿವೇಶನದಲ್ಲಿ. ಗಡುವಿನೊಳಗೆ ಮಂಡನೆಯಾಗಬೇಕಾದರೆ ಡಿಸೆಂಬರ್ ಮೊದಲ ವಾರಕ್ಕೇ ಎಲ್ಲ ಸಿದ್ಧವಿರಬೇಕು.

ಜಾಲತಾಣ ನೋಡಿ ತೀರ್ಮಾನಕ್ಕೆ ಬರಬೇಡಿ. ಮಂಡನೆಗೆ ಮುಂಚೆ ವರದಿಯನ್ನು ಹೊರಗೆ ಬಿಡುವ ರೂಢಿಯಿಲ್ಲ. ಮಂಡನೆಯಾದ ಮೇಲೂ ಜಾಲತಾಣಕ್ಕೆ ಹಾಕಲು ಮರೆತಿರುವುದುಂಟು. ಸಂಸತ್ತಿನ ಜಾಲತಾಣದಲ್ಲಿ ಮಂಡಿಸಿದ ಕಾಗದಪತ್ರಗಳ ವಿಭಾಗವಿದೆ. ಅಲ್ಲಿ ಸಚಿವಾಲಯದ ಹೆಸರು ಹಿಡಿದು ಹುಡುಕಿ.

ಪ್ರಶ್ನೆ: ತಡವಾದ ವರದಿಯ ಜೊತೆ ಕಾರಣ ಕೊಡುತ್ತಾರಂತೆ. ನಾನು ನೋಡಿದ ಒಂದರಲ್ಲಿ ‘ಆಡಿಟ್ ವರದಿ ಬರುವುದು ತಡವಾಯಿತು’ ಎಂದಷ್ಟೇ ಇತ್ತು. ನಂಬಬಹುದೇ? (ಬ್ಯಾಂಕ್ ಉದ್ಯೋಗಿ, ಉಡುಪಿ)

ಕಾರಣವನ್ನು ಬಿಡಿ, ದಿನಾಂಕಗಳನ್ನು ಓದಿ.

ನಿಗದಿತ ಅವಧಿಯಲ್ಲಿ ವರದಿ ಮಂಡನೆಯಾಗದಿದ್ದರೆ, 9 ತಿಂಗಳು ಮುಗಿದ 30 ದಿನದೊಳಗೆ ಅಥವಾ ಸದನ ಸೇರಿದ ಕೂಡಲೇ, ಇವೆರಡರಲ್ಲಿ ಯಾವುದು ನಂತರವೋ ಆಗ, ಸಚಿವಾಲಯ ವಿಳಂಬದ ಹೇಳಿಕೆ ಮಂಡಿಸಬೇಕು. ವರದಿಯನ್ನು ಕೊನೆಗೆ ಮಂಡಿಸುವಾಗಲೂ ತಡವಾದದ್ದೇಕೆ ಎಂದು ಹೇಳಬೇಕು. ಒಳ್ಳೆಯ ಹೇಳಿಕೆಯಲ್ಲಿ ಲೆಕ್ಕಪತ್ರ ಸಿದ್ಧವಾದ ದಿನ, ಆಡಳಿತ ಮಂಡಳಿ ಒಪ್ಪಿದ ದಿನ, ಆಡಿಟ್‌ಗೆ ಕೊಟ್ಟ ದಿನ, ಆಡಿಟ್ ವರದಿ ಬಂದ ದಿನ, ಹಿಂದಿ ಅನುವಾದ ಕೈಸೇರಿದ ದಿನ, ಸಚಿವಾಲಯಕ್ಕೆ ಕಳಿಸಿದ ದಿನ ಎಲ್ಲವೂ ಇರುತ್ತವೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಸಂಸ್ಥೆ ಲೆಕ್ಕಪತ್ರವನ್ನು ಆಡಿಟ್‌ಗೆ ಕೊಟ್ಟದ್ದು ಸೆಪ್ಟೆಂಬರ್ 14ಕ್ಕೆ. ಆಡಿಟ್ ವರದಿ ಬಂದದ್ದು ಡಿಸೆಂಬರ್ 20ಕ್ಕೆ. ಹೇಳಿಕೆಯಲ್ಲಿ ‘ಆಡಿಟ್ ವರದಿ ತಡವಾಗಿ ಬಂದಿದ್ದರಿಂದ’ ಎಂದಿದೆ. ಈಗ ಎಣಿಸಿ. ನಿಯಮದ ಪ್ರಕಾರ ಜೂನ್ 30ರಿಂದ ಅಕ್ಟೋಬರ್ 31ರವರೆಗೆ ಆಡಿಟ್‌ಗೆ 123 ದಿನ ಸಿಗಬೇಕು. ಇಲ್ಲಿ ಆಡಿಟ್ ತೆಗೆದುಕೊಂಡದ್ದು 97 ದಿನ. ಸಂಸ್ಥೆ ಲೆಕ್ಕಪತ್ರ ಕೊಡುವುದರಲ್ಲೇ 76 ದಿನ ತಡಮಾಡಿದೆ. ಆಡಿಟ್‌ನವರು ಬೇಗನೇ ಮುಗಿಸಿದ್ದಾರೆ, ಆದರೂ ತಪ್ಪು ಅವರ ತಲೆಗೆ ಬಂದಿದೆ. ದಿನಾಂಕಗಳೇ ಇಲ್ಲದ ಹೇಳಿಕೆ ಸಿಕ್ಕರೆ ಅದನ್ನು ಒಪ್ಪಲೇಬಾರದು. ‘ಆಡಳಿತಾತ್ಮಕ ಕಾರಣಗಳಿಂದ’ ಎಂಬ ಮಾತಿಗೆ ಯಾವ ಅರ್ಥವೂ ಇಲ್ಲ.

ಲೋಕಸಭೆಯ ನಿಯಮ 305ಬಿ ಈ ಸಮಿತಿಗೆ ಒಪ್ಪಿಸಿರುವ ಕೆಲಸವೂ ಇದೇ. ವರದಿಯನ್ನು ಮಂಡಿಸಬೇಕೆಂದು ಹೇಳುವ ಸಂವಿಧಾನ, ಕಾಯ್ದೆ ಅಥವಾ ನಿಯಮದ ಪಾಲನೆಯಾಗಿದೆಯೇ? ಮಿತಿಮೀರಿ ತಡವಾಗಿದೆಯೇ? ಆಗಿದ್ದರೆ ಕಾರಣ ಕೊಟ್ಟಿದ್ದಾರೆಯೇ, ಕೊಟ್ಟ ಕಾರಣ ಒಪ್ಪುವಂಥದ್ದೇ? ಹಿಂದಿ, ಇಂಗ್ಲಿಷ್ ಎರಡೂ ಪ್ರತಿ ಮಂಡನೆಯಾಗಿವೆಯೇ?

ಪ್ರಶ್ನೆ: ಸಮಿತಿ ಛೀಮಾರಿ ಹಾಕುವುದರಾಚೆಗೆ ಏನಾದರೂ ಮಾಡಬಲ್ಲದೇ? ನಮ್ಮ ಸಂಸದರು ಇದನ್ನು ಸದನದಲ್ಲಿ ಎತ್ತಬಹುದೇ? (ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ)

ಎರಡನೆಯದಕ್ಕೆ ಮೊದಲು ಉತ್ತರ: ಎತ್ತುವಂತಿಲ್ಲ. ಮಂಡನೆಯ ವಿಳಂಬದಂಥ ವಿಷಯವನ್ನು ಸದಸ್ಯರು ಸಮಿತಿಗೆ ಒಪ್ಪಿಸಬೇಕು, ಸದನದಲ್ಲಿ ಪ್ರಸ್ತಾಪಿಸಬಾರದು ಎಂದು ನಿಯಮ 305ಸಿ ಹೇಳುತ್ತದೆ. ಆದ್ದರಿಂದ ಸಂಸದರಿಗೆ ಬರೆಯುವಾಗ ‘ಸದನದಲ್ಲಿ ಕೇಳಿ’ ಎನ್ನದೆ ‘305ಸಿ ಪ್ರಕಾರ ಸಮಿತಿಯ ಗಮನಕ್ಕೆ ತನ್ನಿ’ ಎಂದು ಕೋರಿ. ಸಂಸ್ಥೆಯ ಹೆಸರು, ಯಾವ ವರ್ಷದ ವರದಿ, ಎಷ್ಟು ತಿಂಗಳ ವಿಳಂಬ ಎಂಬುದು ಒಂದೇ ಪುಟದಲ್ಲಿರಲಿ.

ಸಮಿತಿಗೆ ದಂಡ ಹಾಕುವ ಅಧಿಕಾರವಿಲ್ಲ. ಸಚಿವಾಲಯದಿಂದ ಲಿಖಿತ ಉತ್ತರ ಕೇಳುತ್ತದೆ, ಕಾರ್ಯದರ್ಶಿಯನ್ನೇ ಕರೆಸಿ ಸಾಕ್ಷ್ಯ ಪಡೆಯುತ್ತದೆ, ಶಿಫಾರಸುಗಳೊಂದಿಗೆ ಸದನಕ್ಕೆ ವರದಿ ಕೊಡುತ್ತದೆ. ಕೈಗೊಂಡ ಕ್ರಮವನ್ನು ಸರ್ಕಾರ 3 ತಿಂಗಳೊಳಗೆ ತಿಳಿಸಬೇಕು. ಅದರ ಮೇಲೆ ಸಮಿತಿ ಮತ್ತೊಂದು ವರದಿ ಕೊಡುತ್ತದೆ. ಅದರಲ್ಲಿ ಸರ್ಕಾರ ಒಪ್ಪಿದ ಶಿಫಾರಸು ಯಾವುದು, ಸಮಿತಿ ಕೈಬಿಟ್ಟದ್ದು ಯಾವುದು, ಉತ್ತರ ಒಪ್ಪಿಗೆಯಾಗದೆ ಮತ್ತೆ ಒತ್ತಿ ಹೇಳಿದ್ದು ಯಾವುದು ಎಂದು ಅಧ್ಯಾಯ ಬೇರೆ ಬೇರೆ ಇರುತ್ತದೆ. ಈ ಕೊನೆಯ ಅಧ್ಯಾಯವನ್ನು ತಪ್ಪದೆ ಓದಿ.

ನಿಜವಾದ ಹಿಡಿತ ಹಣದ ಕಡೆ ಇದೆ. ಹಿಂದಿನ ವರ್ಷದ ಅನುದಾನದ ಬಳಕೆ ಪ್ರಮಾಣಪತ್ರ ಮತ್ತು ಆಡಿಟ್ ಆದ ಲೆಕ್ಕ ಸಮಾಧಾನಕರವಾಗಿ ಬರುವವರೆಗೆ ಮುಂದಿನ ವರ್ಷದ ಅನುದಾನದಲ್ಲಿ ಶೇ. 75ಕ್ಕಿಂತ ಹೆಚ್ಚು ಬಿಡುಗಡೆ ಮಾಡಬಾರದು ಎಂದು ಸಾಮಾನ್ಯ ಹಣಕಾಸು ನಿಯಮಗಳಲ್ಲೇ ಇದೆ. ಸಚಿವಾಲಯಗಳು ಈ ನಿಯಮವನ್ನು ಬಿಗಿಯಾಗಿ ಹಿಡಿದರೆ ಅರ್ಧಕ್ಕರ್ಧ ವಿಳಂಬ ತಾನಾಗಿ ಕರಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಕೇಂದ್ರದ ಒಂದು ಸಂಸ್ಥೆಯ ಲೆಕ್ಕಪತ್ರ ಶಾಖೆಗೆ ಹೊಸದಾಗಿ ಸೇರಿದ್ದೇನೆ. ಈ ವರ್ಷವಾದರೂ ವರದಿ ತಡವಾಗದಂತೆ ಏನು ಮಾಡಬೇಕು? (ಮೈಸೂರು)

ಡಿಸೆಂಬರ್ ಮೊದಲ ವಾರದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಮೊದಲು ಎಡವುವುದು ಜೂನ್‌ನಲ್ಲಿ. ಲೆಕ್ಕ ಸಿದ್ಧವಿರುತ್ತದೆ, ಆಡಳಿತ ಮಂಡಳಿಯ ಸಭೆಯೇ ಇರುವುದಿಲ್ಲ. ಮಂಡಳಿ ಒಪ್ಪದ ಲೆಕ್ಕವನ್ನು ಆಡಿಟ್‌ಗೆ ಕೊಟ್ಟರೆ ಅದು ಕೊಟ್ಟಂತಲ್ಲ. ಏಪ್ರಿಲ್‌ನಲ್ಲೇ ಅಧ್ಯಕ್ಷರಿಂದ ಜೂನ್ ಮೂರನೇ ವಾರದೊಳಗಿನ ಒಂದು ದಿನ ಗೊತ್ತುಮಾಡಿಸಿಕೊಳ್ಳಿ. ಹಣಕಾಸು ಸಮಿತಿ ಅದಕ್ಕೂ ಹತ್ತು ದಿನ ಮುಂಚೆ ಸೇರಲಿ. ಮಂಡಳಿಯ ಅವಧಿ ಮುಗಿದು ಹೊಸ ನೇಮಕ ಬಾಕಿಯಿದ್ದರೆ ಸಚಿವಾಲಯಕ್ಕೆ ಆಗಲೇ ಬರೆದು ನೆನಪಿಸಿ, ಪತ್ರದ ಪ್ರತಿ ಕಡತದಲ್ಲಿಡಿ.

ಎರಡನೆಯ ಗುಂಡಿ, ಆಡಿಟ್ ಆಕ್ಷೇಪಣೆಯಿಂದ ಲೆಕ್ಕವನ್ನೇ ತಿದ್ದಬೇಕಾಗಿ ಬರುವುದು. ತಿದ್ದಿದ ಲೆಕ್ಕ ಮತ್ತೆ ಮಂಡಳಿಯ ಮುಂದೆ ಹೋಗಬೇಕು, ಎರಡು ತಿಂಗಳು ಹೋಯಿತೆಂದೇ ಲೆಕ್ಕ. ಪದೇ ಪದೇ ಬರುವ ಆಕ್ಷೇಪಣೆಗಳು ಕೆಲವೇ: ಗ್ರಾಚ್ಯುಟಿ, ರಜೆ ನಗದೀಕರಣದ ಹೊಣೆಯನ್ನು ಆಕ್ಚುವರಿ (ಮುಂದೆ ಬರುವ ಹೊಣೆಯನ್ನು ಲೆಕ್ಕಹಾಕುವ ತಜ್ಞ) ಮೌಲ್ಯಮಾಪನದ ಆಧಾರದಲ್ಲಿ ತೋರಿಸಿಲ್ಲ; ಅನುದಾನದ ಮೇಲೆ ಬಂದ ಬಡ್ಡಿಯನ್ನು ಸರ್ಕಾರಕ್ಕೆ ಕೊಡಬೇಕಾದ ಬಾಕಿಯಾಗಿ ತೋರಿಸದೆ ಸ್ವಂತ ಆದಾಯಕ್ಕೆ ಸೇರಿಸಿದ್ದಾರೆ; ಆಸ್ತಿಗಳ ಭೌತಿಕ ಪರಿಶೀಲನೆ ಆಗಿಲ್ಲ; ಕಟ್ಟಡ ಬಳಕೆಗೆ ಬಂದಿದ್ದರೂ ನಿರ್ಮಾಣ ಹಂತದ ಕಾಮಗಾರಿ ಎಂದೇ ಉಳಿಸಿ ಸವಕಳಿ ಹಾಕಿಲ್ಲ. ಕಳೆದ ಮೂರು ವರ್ಷದ ಆಡಿಟ್ ವರದಿಗಳನ್ನು ಮುಂದಿಟ್ಟುಕೊಂಡು ಮೇ ತಿಂಗಳಲ್ಲೇ ಇವನ್ನು ಸರಿಮಾಡಿಬಿಡಿ.

ಅನುವಾದವನ್ನು ಕೊನೆಗೆ ಉಳಿಸಬೇಡಿ. ವಾರ್ಷಿಕ ವರದಿಯ ಚಟುವಟಿಕೆ ಭಾಗಕ್ಕೂ ಆಡಿಟ್‌ಗೂ ಸಂಬಂಧವಿಲ್ಲ. ಆಡಿಟ್ ನಡೆಯುತ್ತಿರುವಾಗಲೇ, ಜುಲೈ-ಆಗಸ್ಟ್‌ನಲ್ಲಿ, ಅದರ ಹಿಂದಿ ಪ್ರತಿ ಸಿದ್ಧವಾಗಲಿ. ಸಚಿವಾಲಯಕ್ಕೆ ಕಳಿಸುವಾಗ ಸಂಸ್ಥೆಯ ಕೆಲಸದ ಬಗೆಗಿನ ಸರ್ಕಾರದ ಪರಿಶೀಲನಾ ಹೇಳಿಕೆಯ ಕರಡು, ವಿಳಂಬವಾಗಿದ್ದರೆ ಅದರ ಹೇಳಿಕೆ ಎರಡನ್ನೂ ಎರಡೂ ಭಾಷೆಯಲ್ಲಿ ಜೊತೆಗಿಡಿ. ಒಂದು ಹಾಳೆ ಕಡಿಮೆಯಾದರೂ ಕಡತ ವಾಪಸು ಬರುತ್ತದೆ. ಸಚಿವರ ಸಹಿಗೆ ಮತ್ತೆ ಸರದಿ ಕಾಯುವಷ್ಟರಲ್ಲಿ ಅಧಿವೇಶನ ಮುಗಿದಿರುತ್ತದೆ.

ಪ್ರಶ್ನೆ: ಎಚ್‌ಎಎಲ್, ಬಿಇಎಲ್‌ನಂಥ ಕಂಪನಿಗಳಿಗೂ ಇದೇ ನಿಯಮವೇ? (ಬೆಂಗಳೂರು)

ಅವುಗಳ ದಾರಿ ಬೇರೆ, ತಲುಪುವ ದಿನ ಹೆಚ್ಚುಕಡಿಮೆ ಒಂದೇ. ಕಂಪನಿ ಕಾಯ್ದೆ, 2013ರ ಪ್ರಕಾರ ವರ್ಷ ಮುಗಿದ 6 ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಯಬೇಕು. ಮಹಾಸಭೆಯಾದ 3 ತಿಂಗಳೊಳಗೆ, ಕಲಂ 394ರಂತೆ, ಕಂಪನಿಯ ಕಾರ್ಯವೈಖರಿಯ ವರದಿ ಸಿದ್ಧವಾಗಿ, ಆದಷ್ಟು ಬೇಗ ಆಡಿಟ್ ವರದಿ ಮತ್ತು ಸಿಎಜಿ ಟಿಪ್ಪಣಿಯೊಂದಿಗೆ ಎರಡೂ ಸದನಗಳಿಗೆ ಬರಬೇಕು. ಲೆಕ್ಕಪರಿಶೋಧಕರ ವರದಿ ಕೈಸೇರಿದ 60 ದಿನದೊಳಗೆ ಸಿಎಜಿ ಪೂರಕ ಆಡಿಟ್ ಮಾಡಬಹುದು. ಈ ಕಂಪನಿಗಳ ವ್ಯವಹಾರದ ಒಳಹೊರಗನ್ನು ನೋಡುವುದು 1964ರಲ್ಲಿ ಹುಟ್ಟಿದ ಸಾರ್ವಜನಿಕ ಉದ್ದಿಮೆಗಳ ಸಮಿತಿ. ಲೋಕಸಭೆಯ 15, ರಾಜ್ಯಸಭೆಯ 7 ಸದಸ್ಯರು ಅದರಲ್ಲಿರುತ್ತಾರೆ. ಸಚಿವಾಲಯಗಳು ತಮ್ಮದೇ ಕೆಲಸದ ಬಗ್ಗೆ ಹೊರಡಿಸುವ ವಾರ್ಷಿಕ ವರದಿ ಹೋಗುವುದು ಇಲಾಖಾವಾರು ಸ್ಥಾಯಿ ಸಮಿತಿಗಳ ಮುಂದೆ. ಅಂಥವು 24 ಇವೆ.

ಪ್ರಶ್ನೆ: ರಾಜ್ಯದ ನಿಗಮಗಳದ್ದು? (ತುಮಕೂರು)

ರಾಜ್ಯ ಸರ್ಕಾರ ಮಾತ್ರ ಪಾಲುದಾರನಾಗಿರುವ ಕಂಪನಿಗೆ ಅದೇ ಕಾಯ್ದೆಯ ಕಲಂ 395 ಅನ್ವಯ. ವರದಿ ವಿಧಾನಸಭೆ, ವಿಧಾನ ಪರಿಷತ್ತು ಎರಡರಲ್ಲೂ ಮಂಡನೆಯಾಗಬೇಕು. ಕೇಂದ್ರದ ಜೊತೆ ರಾಜ್ಯವೂ ಪಾಲುದಾರನಾಗಿದ್ದರೆ ಸಂಸತ್ತಿಗೂ ಹೋಗಬೇಕು, ವಿಧಾನಮಂಡಲಕ್ಕೂ ಹೋಗಬೇಕು.

ಪ್ರಶ್ನೆ: ಕರ್ನಾಟಕದಲ್ಲೇ ಇರುವ ಕೇಂದ್ರ ಸಂಸ್ಥೆಯ ವರದಿ ಕನ್ನಡದಲ್ಲಿ ಸಿಗಬೇಡವೇ? (ಕಲಬುರಗಿ)

ಸಿಗಬೇಕೆಂಬುದು ನ್ಯಾಯವಾದ ಆಸೆ, ನಿಯಮದಲ್ಲಿ ಮಾತ್ರ ಅದಿಲ್ಲ. ಅಧಿಕೃತ ಭಾಷೆಗಳ ಕಾಯ್ದೆ, 1963ರ ಕಲಂ 3(3) ಸಂಸತ್ತಿನಲ್ಲಿ ಮಂಡಿಸುವ ವರದಿ ಹಿಂದಿ, ಇಂಗ್ಲಿಷ್ ಎರಡರಲ್ಲೂ ಇರಬೇಕು ಎನ್ನುತ್ತದೆ, ಅಷ್ಟೇ. ಆದರೆ ಮಂಡನೆಯಾದ ಮೇಲೆ ಹತ್ತು ಪುಟದ ಕನ್ನಡ ಸಾರಾಂಶ ಹೊರತರಲು ಯಾರ ಅಡ್ಡಿಯೂ ಇಲ್ಲ. ಸಂಸ್ಥೆಯ ನಿರ್ದೇಶಕರಿಗೆ ಬರೆದು ಕೇಳಿ.

ಪ್ರಶ್ನೆ: ಕಾಫಿ ಮಂಡಳಿಯಂಥ ಸಂಸ್ಥೆಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ನಮ್ಮಂಥವರು ಅದರಲ್ಲಿ ನೋಡಬೇಕಾದ್ದೇನು? ಸಿಗದಿದ್ದರೆ ಮಾಡಬೇಕಾದ್ದೇನು? (ಬೆಳೆಗಾರರು, ಚಿಕ್ಕಮಗಳೂರು)

ಬಣ್ಣದ ಚಿತ್ರಗಳ ಪುಟಗಳನ್ನು ದಾಟಿ ಹಿಂಭಾಗಕ್ಕೆ ಹೋಗಿ, ಪ್ರತ್ಯೇಕ ಲೆಕ್ಕಪರಿಶೋಧನಾ ವರದಿ ತೆರೆಯಿರಿ. ಸಾಮಾನ್ಯವಾಗಿ ಕೆಲವೇ ಪುಟ ಇರುತ್ತದೆ. ಮೊದಲು ‘ಸಹಾಯಾನುದಾನ’ ಎಂಬ ಕಂಡಿಕೆ: ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು. ಆಮೇಲೆ ಕೊನೆಯ ಅನುಬಂಧ. ಆಂತರಿಕ ಆಡಿಟ್ ಸಾಕಷ್ಟಿದೆಯೇ, ಆಂತರಿಕ ನಿಯಂತ್ರಣ ಹೇಗಿದೆ, ಸ್ಥಿರಾಸ್ತಿ ಮತ್ತು ದಾಸ್ತಾನನ್ನು ಕಣ್ಣಾರೆ ಎಣಿಸಿದ್ದಾರೆಯೇ, ಶಾಸನಬದ್ಧ ಬಾಕಿ ಕಟ್ಟಿದ್ದಾರೆಯೇ ಎಂಬುದಕ್ಕೆ ಅಲ್ಲಿ ಒಂದೆರಡು ಸಾಲಿನ ಉತ್ತರ ಇರುತ್ತದೆ. ಒಂದೇ ಮಾತು ಮೂರು ವರ್ಷ ಅಕ್ಷರ ಬದಲಾಗದೆ ಬಂದಿದ್ದರೆ ಆ ಸಂಸ್ಥೆ ಆಡಿಟನ್ನು ಕಿವಿಗೆ ಹಾಕಿಕೊಂಡಿಲ್ಲ ಎಂದರ್ಥ.

ವರದಿಯೇ ಸಿಗದಿದ್ದರೆ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಆರ್‌ಟಿಐ ಅರ್ಜಿ ಹಾಕಿ. ‘ಏಕೆ ತಡವಾಯಿತು’ ಎಂದು ಕೇಳಬೇಡಿ. ಕಡತದಲ್ಲಿರುವ ಮಾಹಿತಿಯನ್ನಷ್ಟೇ ಕೊಡಬೇಕಾದ್ದರಿಂದ ಅಂಥ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. ಹೀಗೆ ಕೇಳಿ: ‘ಇಂಥ ವರ್ಷದ ಲೆಕ್ಕಪತ್ರವನ್ನು ಆಡಳಿತ ಮಂಡಳಿ ಒಪ್ಪಿದ ದಿನಾಂಕ, ಆಡಿಟ್ ಕಚೇರಿಗೆ ಕೊಟ್ಟ ದಿನಾಂಕ, ಆಡಿಟ್ ವರದಿ ಬಂದ ದಿನಾಂಕ, ಸಚಿವಾಲಯಕ್ಕೆ ಕಳಿಸಿದ ದಿನಾಂಕ, ಎರಡೂ ಸದನಗಳಲ್ಲಿ ಮಂಡನೆಯಾದ ದಿನಾಂಕಗಳನ್ನು ತಿಳಿಸಿ, ರವಾನೆ ಪತ್ರಗಳ ಪ್ರತಿ ಕೊಡಿ.’ ಉತ್ತರಕ್ಕೆ 30 ದಿನ. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ದಿನಾಂಕಗಳು ಕೈಗೆ ಬಂದ ಮೇಲೆ ಅವನ್ನೇ ಸಂಸದರಿಗೆ ಬರೆಯುವ ಪತ್ರಕ್ಕೆ ಲಗತ್ತಿಸಿ.