ತಾಂತ್ರಿಕ ಪ್ರಶ್ನೋತ್ತರ: ಲಾಕ್ ಆದ ಡ್ಯುರಾನ್‌ಗೆ ಪೆನ್ಸಿಲ್ ಗೆರೆ

ಪ್ರಶ್ನೆ: ಹಳೆಯ ಸಾಕೆಟ್ ಎ (ಆ ಕಾಲದ ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್) ಕಂಪ್ಯೂಟರ್ ಒಂದನ್ನು ಮತ್ತೆ ಜೋಡಿಸುತ್ತಿದ್ದೇನೆ. ಎಎಂಡಿ ಡ್ಯುರಾನ್ 650 ಪ್ರೊಸೆಸರ್, ಎಬಿಟ್ ಕೆಟಿ7 ಮದರ್‌ಬೋರ್ಡ್. ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಏನೇ ಬದಲಿಸಿದರೂ ಮಲ್ಟಿಪ್ಲೈಯರ್ (ಬಸ್ ವೇಗವನ್ನು ಗುಣಿಸಿ ಪ್ರೊಸೆಸರ್ ವೇಗ ಕೊಡುವ ಸಂಖ್ಯೆ) 6.5 ಬಿಟ್ಟು ಕದಲುವುದಿಲ್ಲ. ಪೆನ್ಸಿಲ್‌ನಿಂದ ಲಾಕ್ ತೆಗೆಯಬಹುದಂತೆ, ನಿಜವೇ?

ಉತ್ತರ: ನಿಜ. 2000ರಲ್ಲಿ ಬಂದ ಡ್ಯುರಾನ್ ಮತ್ತು ಥಂಡರ್‌ಬರ್ಡ್ ಅಥ್ಲಾನ್‌ಗಳ ಸೆರಾಮಿಕ್ ಮೇಲ್ಮೈಯಲ್ಲಿ ‘ಎಲ್1’ ಎಂದು ಗುರುತಿರುವ ಕಡೆ ಪುಟ್ಟ ಬ್ರಿಡ್ಜ್‌ಗಳ (ಎರಡು ಚುಕ್ಕೆಗಳನ್ನು ಕೂಡಿಸುವ ಲೋಹದ ಗೆರೆಗಳು) ಸಾಲಿದೆ. ಬೋರ್ಡ್ ಕೊಡುವ ಮಲ್ಟಿಪ್ಲೈಯರ್ ಚಿಪ್‌ಗೆ ಮುಟ್ಟಬೇಕಾದರೆ ಇವು ಕೂಡಿರಬೇಕು. ನಿಮ್ಮದರಲ್ಲಿ ಲೇಸರ್‌ನಿಂದ ಕತ್ತರಿಸಿದ್ದಾರೆ.

ಹೀಟ್‌ಸಿಂಕ್ ಬಿಚ್ಚಿ, ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ ಒಣಗಿಸಿ. ಜಿಡ್ಡಿದ್ದರೆ ಗ್ರಾಫೈಟ್ ಹಿಡಿಯದು. 2ಬಿ ಪೆನ್ಸಿಲನ್ನು ಸೂಜಿಮೊನೆ ಮಾಡಿಕೊಂಡು ಪ್ರತಿ ಬ್ರಿಡ್ಜ್‌ನ ಎರಡು ತುದಿಗಳ ನಡುವೆ ಹತ್ತಾರು ಬಾರಿ ಒತ್ತಿ ಎಳೆಯಿರಿ. ಪಕ್ಕದ ಬ್ರಿಡ್ಜ್‌ಗೆ ಪುಡಿ ತಾಗಿದರೆ ತಪ್ಪು ಮಲ್ಟಿಪ್ಲೈಯರ್ ಬರುತ್ತದೆ, ಇಲ್ಲವೇ ಪರದೆಯೇ ಬೆಳಗುವುದಿಲ್ಲ. ಗಾಬರಿ ಬೇಡ, ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಬರೆಯಿರಿ. ಭೂತಗನ್ನಡಿ ಹಿಡಿದೇ ಪರೀಕ್ಷಿಸಿ. ಮಲ್ಟಿಮೀಟರ್ ಇದ್ದರೆ ಓಮ್ ರೇಂಜ್‌ನಲ್ಲಿ ನೋಡಿ: ಗ್ರಾಫೈಟ್‌ನ ರೋಧ ತಾಮ್ರದ್ದಕ್ಕಿಂತ ಬಹಳ ಹೆಚ್ಚು, ಮೀಟರ್‌ನ ಸಂಪರ್ಕ ಪರೀಕ್ಷೆಯ ಬಝರ್ ಕೂಗದೆಯೂ ಇರಬಹುದು.

ಹೀಟ್‌ಸಿಂಕ್ ಮರಳಿ ಕೂರಿಸುವಾಗಲೇ ಹೆಚ್ಚು ಚಿಪ್‌ಗಳು ಸಾಯುವುದು. ಕೋರ್ (ನಡುವಿನ ಸಿಲಿಕಾನ್ ತುಂಡು) ಬರಿಮೈಯಲ್ಲಿದೆ, ಕ್ಲಿಪ್ ಓರೆಯಾಗಿ ಒತ್ತಿದರೆ ಮೂಲೆ ಮುರಿಯುತ್ತದೆ. ಹೀಟ್‌ಸಿಂಕ್ ಇಲ್ಲದೆ ಒಂದು ಕ್ಷಣವೂ ಆನ್ ಮಾಡಬೇಡಿ. ಈ ಪೀಳಿಗೆಗೆ ತಾನಾಗಿ ಆರಿಕೊಳ್ಳುವ ರಕ್ಷಣೆ ಇಲ್ಲ, ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ.

ಈಗ ಬಯಾಸ್‌ನ ಸಾಫ್ಟ್‌ಮೆನುವಿನಲ್ಲಿ ಮಲ್ಟಿಪ್ಲೈಯರನ್ನು 7, ಆಮೇಲೆ 7.5, 8 ಹೀಗೆ ಅರ್ಧರ್ಧ ಏರಿಸಿ. ಬಸ್ ವೇಗ (ಪ್ರೊಸೆಸರ್ ಮತ್ತು ಬೋರ್ಡ್ ನಡುವಿನ ಮೂಲ ವೇಗ) 100 ಮೆಗಾಹರ್ಟ್ಜ್‌ನಲ್ಲೇ ಇರಲಿ: 8 ಎಂದರೆ 800 ಮೆಗಾಹರ್ಟ್ಜ್. ನಿಮ್ಮ ಬೋರ್ಡ್‌ನ ಕೆಟಿ133 ಚಿಪ್‌ಸೆಟ್‌ಗೆ ಬಸ್ ಏರಿಸುವ ತಾಕತ್ತು ಕಡಿಮೆ, ಮಲ್ಟಿಪ್ಲೈಯರ್ ಇಲ್ಲಿ ಮುಖ್ಯವಾಗುವುದು ಅದಕ್ಕೇ. ವಿಂಡೋಸ್ ನಡುವೆ ನಿಂತರೆ ಮಾತ್ರ ವೋಲ್ಟೇಜನ್ನು ಒಂದೊಂದೇ ಮೆಟ್ಟಿಲು ಹೆಚ್ಚಿಸಿ. ತಿಂಗಳುಗಳ ನಂತರ ವೇಗ ಮತ್ತೆ 650ಕ್ಕೆ ಇಳಿದರೆ ಗ್ರಾಫೈಟ್ ಉದುರಿದೆ ಎಂದು ತಿಳಿಯಿರಿ. ವಿದ್ಯುತ್ ಹರಿಯುವ ಬೆಳ್ಳಿ ಬಣ್ಣದ ಪೆನ್ ಸಿಕ್ಕರೆ ಅದೇ ಒಳ್ಳೆಯದು.

ಪ್ರಶ್ನೆ: ಎಎಂಡಿಯ ನಂತರದ ಪ್ರೊಸೆಸರ್ ಅಥ್ಲಾನ್ ಎಕ್ಸ್‌ಪಿ ಪಾಲೊಮಿನೋಗೂ ಪೆನ್ಸಿಲ್ ಸಾಕೇ?

ಉತ್ತರ: ಸಾಲದು. ಅದರಲ್ಲಿ ಲೇಸರ್ ಬ್ರಿಡ್ಜ್‌ಗಳ ನಡುವೆ ಗುಳಿಯನ್ನೇ ತೋಡಿದೆ, ತಳದಲ್ಲಿ ಗ್ರೌಂಡ್‌ನ ತಾಮ್ರ ಕಾಣುತ್ತದೆ. ಬ್ರಿಡ್ಜ್ ಕೂಡಿಸಲು ಹಚ್ಚುವ ಬೆಳ್ಳಿ ಬಣ್ಣ ಅದಕ್ಕೆ ತಾಗಿದರೆ ಶಾರ್ಟ್. ಮೊದಲು ಗುಳಿಗಳಿಗಷ್ಟೇ ಫೆವಿಕ್ವಿಕ್ ತುಂಬಿ, ಪೂರ್ತಿ ಒಣಗಿದ ಮೇಲೆ ಬ್ಲೇಡಿನಿಂದ ಮಟ್ಟ ಮಾಡಿ, ತಾಮ್ರದ ಚುಕ್ಕೆಗಳು ಬರಿದಾಗಿ ಕಾಣುವಂತೆ ಕೆರೆಯಿರಿ. ಎರಡೂ ಬದಿಗೆ ಟೇಪ್ ಅಂಟಿಸಿ ಒಂದೊಂದೇ ಬ್ರಿಡ್ಜ್‌ಗೆ ಬೆಳ್ಳಿ ಬಣ್ಣ ಹಚ್ಚಿ. ಕಾರಿನ ಹಿಂದಿನ ಗಾಜಿನ ಡಿಫಾಗರ್ ಗೆರೆ ರಿಪೇರಿ ಮಾಡುವ ಬಣ್ಣವೂ ಆಗುತ್ತದೆ.

ಪ್ರಶ್ನೆ: ನನ್ನ ಇಂಟೆಲ್ ಐ5ರಲ್ಲಿ ‘ಕೆ’ ಅಕ್ಷರವಿಲ್ಲ, ಅಂದರೆ ಮಲ್ಟಿಪ್ಲೈಯರ್ ಲಾಕ್ ಆಗಿದೆ. ಹೀಗೇ ಏನಾದರೂ?

ಉತ್ತರ: ಇಲ್ಲ. ಅದರ ಲಾಕ್ ಸಿಲಿಕಾನ್ ಒಳಗಿದೆ, ಹೊರಗಿನಿಂದ ಕೂಡಿಸಲು ಬ್ರಿಡ್ಜ್‌ಗಳೇ ಇಲ್ಲ. ಮುಚ್ಚಳ ತೆಗೆದು ಕೆರೆಯಲು ಹೋಗಿ ಚಿಪ್ ಕಳೆದುಕೊಳ್ಳಬೇಡಿ.