ಪರದೇಶದಲ್ಲಿ ಜ್ವರ ಬಿದ್ದಾಗ: ಓದುಗರ ಪ್ರಶ್ನೆ, ನರ್ಸಕ್ಕನ ಉತ್ತರ

(ಉತ್ತರಿಸುವವರು ತೀರ್ಥಹಳ್ಳಿಯ ನಿವೃತ್ತ ನರ್ಸ್. ತಾಂಜಾನಿಯಾದ ಆಸ್ಪತ್ರೆಯಲ್ಲಿ ಹಲವು ವರ್ಷ ಕೆಲಸ ಮಾಡಿದವರು.)

ಪ್ರಶ್ನೆ: ಅಕ್ಕಾ, ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಮಗ ತಾಂಜಾನಿಯಾದ ಮ್ವಾಂಜಾದಲ್ಲಿ ಅಕೌಂಟೆಂಟ್. ಹೋದ ತಿಂಗಳು ಮಲೇರಿಯಾ ಆಗಿ ಐಸಿಯುನಲ್ಲಿದ್ದ. ಮೈಮೇಲೆ ಎಚ್ಚರ ಇರಲಿಲ್ಲವಂತೆ. ನಮಗೆ ತಿಳಿಸಿದ್ದೇ ಆಮೇಲೆ. ಈಗ ರೂಮಿಗೆ ಬಂದಿದ್ದಾನೆ, ಆದರೆ ಫೋನಿನಲ್ಲಿ ಧ್ವನಿಯೇ ಏಳುವುದಿಲ್ಲ. ಅದೇ ಆಫೀಸಿನ ಅಲ್ಲಿಯ ಹುಡುಗರಿಗೆ ಎರಡು ದಿನ ಜ್ವರ ಬಂದು ಬಿಟ್ಟಿತಂತೆ. ಇವನಿಗೆ ಮಾತ್ರ ಯಾಕೆ ಹೀಗಾಯಿತು? ಮತ್ತೆ ಬರುತ್ತದಾ? ರಜೆಗೆ ಬಂದಾಗ ಅಮೃತಬಳ್ಳಿ ಕಷಾಯ ಕೊಡಬಹುದಾ? ಕೆಲಸ ಬಿಡಿಸಿ ಕರೆಸಿಕೊಳ್ಳಲಾ?
– ಒಬ್ಬ ತಾಯಿ, ಹೊಸನಗರ ತಾಲೂಕು

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ಅವತ್ತು ನನಗೆ ಬೇರೆ ಕೆಲಸ ಹಿಡಿಯಲಿಲ್ಲ. ನಾನೂ ಅದೇ ಮ್ವಾಂಜಾದಲ್ಲಿ ಅದೇ ಕಾಯಿಲೆ ಬಿದ್ದು ಎದ್ದವಳು. ಮಗ ಐಸಿಯುನಿಂದ ರೂಮಿಗೆ ಬಂದಿದ್ದಾನಲ್ಲ, ದೊಡ್ಡ ಗಂಡಾಂತರ ದಾಟಿದ್ದಾನೆ. ಮೊದಲು ಅಷ್ಟು ಧೈರ್ಯ ತಂದುಕೊಳ್ಳಿ.

ಅವನಿಗೇ ಯಾಕೆ ಜೋರಾಯಿತು ಅಂತ ಕೇಳಿದ್ದೀರಿ. ಮ್ವಾಂಜಾ ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ. ಆ ಕಡೆಯ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಜಾತಿಯದು. ಮಲೇರಿಯಾಗಳಲ್ಲಿ ಜೀವ ತೆಗೆಯುವುದು ಜಾಸ್ತಿ ಇದೇ. ಅಲ್ಲಿ ಹುಟ್ಟಿದವರು ಸಣ್ಣಂದಿನಿಂದ ಎಷ್ಟೋ ಸಲ ಈ ಜ್ವರ ಕಂಡಿರುತ್ತಾರೆ. ಅದನ್ನು ತಾಳಿಕೊಳ್ಳುವ ಶಕ್ತಿ ಸ್ವಲ್ಪ ಮಟ್ಟಿಗೆ ಅವರ ಮೈಯಲ್ಲಿ ಬೆಳೆದಿರುತ್ತದೆ. ನಿಮ್ಮ ಮಗನಿಗೆ ಅದಿಲ್ಲ. ಇದು ಅವನು ಗಟ್ಟಿಗ ಅಲ್ಲ ಅಂತಲ್ಲ, ಅವನು ಊಟ ಸರಿಯಾಗಿ ಮಾಡಲಿಲ್ಲ ಅಂತಲೂ ಅಲ್ಲ. ಹೊಸಬರ ಮೈಯಲ್ಲಿ ಫಾಲ್ಸಿಪಾರಂ ಒಂದೆರಡು ದಿನದಲ್ಲೇ ಮೆದುಳು, ಕಿಡ್ನಿಗೆ ಕೈಹಾಕಬಹುದು. ಅಲ್ಲಿಯವರು ವರ್ಷಗಟ್ಟಲೆ ಬೇರೆ ದೇಶದಲ್ಲಿದ್ದು ವಾಪಸ್ ಹೋದರೆ ಅವರಲ್ಲೂ ಆ ಶಕ್ತಿ ಇಳಿದಿರುತ್ತದೆ.

ನಮ್ಮ ಮಲೆನಾಡಿಗೂ ಈ ಸಂಕಟ ಹೊಸದಲ್ಲ. ನನ್ನ ಅಜ್ಜಿಯ ಬಾಯಲ್ಲಿ ಸದಾ ಜ್ವರಗಡ್ಡೆಯ ಮಾತು. ಚಳಿಜ್ವರ ಬಂದು ಬಂದು ಮಕ್ಕಳ ಎಡಹೊಟ್ಟೆಯಲ್ಲಿ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತಿತ್ತು, ಕೈಗೆ ಗಡ್ಡೆ ಸಿಕ್ಕ ಹಾಗೆ ಸಿಗುತ್ತಿತ್ತು. ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಹೆದರುತ್ತಿದ್ದರಂತೆ. ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ಈಗಿನ ಮಕ್ಕಳಿಗೆ ಆ ಜ್ವರದ ಹೆಸರಷ್ಟೇ ಗೊತ್ತು. ಅದು ಒಳ್ಳೆಯದೇ. ಆದರೆ ಆಫ್ರಿಕಾಕ್ಕೆ ಹೋಗುವ ನಮ್ಮ ಹುಡುಗರು ಅದರ ಭಯವನ್ನೂ ಮರೆತು ಹೋಗುತ್ತಾರೆ, ಅದು ನನಗೆ ಸಂಕಟ.

ನನಗೆ ಜ್ವರ ಬಂದದ್ದು ಡ್ಯೂಟಿಯಲ್ಲಿದ್ದಾಗ. ಬೆನ್ನುಮೂಳೆಯ ಒಳಗಿಂದ ಚಳಿ ಎದ್ದಿತು. ಜೊತೆಯಲ್ಲಿದ್ದ ನರ್ಸ್ ‘ಪೋಲೆ ಸಾನಾ, ದಾದಾ’ ಅಂದಳು. ಅಯ್ಯೋ ಪಾಪ ಅಕ್ಕ ಅಂತ. ಅಂದವಳು ಸುಮ್ನೆ ನಿಲ್ಲಲಿಲ್ಲ. ನನ್ನ ಬೆರಳಿಗೆ ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿ ತಾನೇ ಲ್ಯಾಬಿಗೆ ಓಡಿದಳು. ಸಂಜೆ ಮಾತ್ರೆ ಶುರುವಾಯಿತು. ರಾತ್ರಿ ಹೊತ್ತಿಗೆ ನುಂಗಿದ್ದೆಲ್ಲ ವಾಂತಿ. ಆಗಿನ್ನೂ ಅಲ್ಲಿ ಡ್ರಿಪ್‌ನಲ್ಲಿ ಕ್ವಿನೈನ್ ಕೊಡುವ ಕಾಲ. ಹಾಕಿದ ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಆಗುಂಬೆ ಕಾಡಿನ ಜೀರುಂಡೆಗಳೆಲ್ಲ ಒಟ್ಟಿಗೆ ಕೂಗಿದ ಹಾಗಾಯಿತು. ಆಮೇಲಿನದು ನನಗೆ ನೆನಪಿಲ್ಲ. ಮಧ್ಯರಾತ್ರಿ ನಾನು ಕನ್ನಡದಲ್ಲಿ ಮಾತಾಡಲು ಶುರುಮಾಡಿದೆನಂತೆ. ಏನು ಮಾತಾಡಿದೆ ಅಂತ ಹೇಳಲು ಆ ವಾರ್ಡಿನಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. ಆದರೆ ದಿನಾ ಸ್ವಹಿಲಿಯಲ್ಲೇ ಮಾತಾಡುವವಳು ಅದನ್ನು ಬಿಟ್ಟಳು ಅನ್ನುವುದನ್ನು ನೈಟ್ ಡ್ಯೂಟಿಯ ಹುಡುಗಿ ಗಮನಿಸಿದಳು. ಕೂಡಲೇ ಶುಗರ್ ನೋಡಿದಳು. ಪಾತಾಳಕ್ಕೆ ಇಳಿದಿತ್ತು. ಜೋರು ಮಲೇರಿಯಾದಲ್ಲಿ ರಕ್ತದ ಸಕ್ಕರೆ ಇಳಿಯುತ್ತದೆ, ಕ್ವಿನೈನ್ ಅದನ್ನು ಇನ್ನೂ ಇಳಿಸುತ್ತದೆ. ಗ್ಲೂಕೋಸ್ ಕೊಟ್ಟು ಉಳಿಸಿದರು. ಆ ಹುಡುಗಿಯನ್ನು ನಾನು ದೇವರ ದೀಪ ಹಚ್ಚುವಾಗ ಈಗಲೂ ನೆನೆಯುತ್ತೇನೆ.

ಇದನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ಮಗನ ರೂಮ್‌ಮೇಟ್ ನಂಬರ್ ತಗೊಳ್ಳಿ. ಅವರಿಗೆ ಹೇಳಿ: ಜ್ವರದಲ್ಲಿ ಇವನು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಎಬ್ಬಿಸಿದರೂ ಏಳದೆ ಹೋದರೆ ನಿದ್ದೆ ಅಂತ ಬಿಡಬೇಡಿ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಏದುಸಿರು ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗುವುದನ್ನು ಕಾಯಬೇಡಿ. ಅದೇ ಹೊತ್ತಿಗೆ ಆಸ್ಪತ್ರೆಗೆ ಒಯ್ಯಿರಿ.

ಈಗ ಜೋರು ಮಲೇರಿಯಾಕ್ಕೆ ಕ್ವಿನೈನ್‌ಗಿಂತ ಒಳ್ಳೆಯ ಔಷಧಿ ಇದೆ, ಆರ್ಟಿಸುನೇಟ್ ಇಂಜೆಕ್ಷನ್. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೊನೇಷ್ಯಾಗಳಲ್ಲಿ 1,461 ರೋಗಿಗಳಲ್ಲಿ ಇವೆರಡನ್ನೂ ಹೋಲಿಸಿ ನೋಡಿದ ಅಧ್ಯಯನ 2005ರಲ್ಲಿ ಬಂತು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಜನ ತೀರಿಕೊಂಡಿದ್ದರು, ಆರ್ಟಿಸುನೇಟ್ ಪಡೆದವರಲ್ಲಿ 15. ಈ ಔಷಧಿಯ ಮೂಲ ಚೀನಾದ ಒಂದು ಗಿಡ. ಅದರಿಂದ ಮದ್ದು ತೆಗೆದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ನಿಮ್ಮ ಮಗನಿಗೂ ಬಹುಶಃ ಇದನ್ನೇ ಕೊಟ್ಟಿರುತ್ತಾರೆ. ಡಿಸ್ಚಾರ್ಜ್ ಚೀಟಿ ನೋಡಿ ಖಚಿತ ಮಾಡಿಕೊಳ್ಳಲು ಹೇಳಿ.

ಯಾಕೆಂದರೆ ಆರ್ಟಿಸುನೇಟ್ ಪಡೆದ ಕೆಲವರಲ್ಲಿ, ಜ್ವರ ಪೂರ್ತಿ ಬಿಟ್ಟು ಒಂದೆರಡು ವಾರ ಆದ ಮೇಲೆ ಕೆಂಪು ರಕ್ತಕಣಗಳು ಒಡೆಯಲು ಶುರುವಾಗುತ್ತವೆ. ರೋಗ ಹೋಯಿತಲ್ಲ ಅಂತ ಯಾರೂ ಆ ಕಡೆ ನೋಡುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಲಿ. ಧ್ವನಿ ಏಳುತ್ತಿಲ್ಲ ಅಂದಿರಲ್ಲ, ಅದು ಬರೀ ಸುಸ್ತೇ ಇರಬಹುದು, ರಕ್ತ ಕಡಿಮೆಯಾದದ್ದೂ ಇರಬಹುದು. ಒಂದು ಸಣ್ಣ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇಂಜೆಕ್ಷನ್ ಆದ ಮೇಲೆ ಮೂರು ದಿನದ ಮಾತ್ರೆ ಕೊಟ್ಟಿರುತ್ತಾರೆ. ಅದನ್ನು ಪೂರ್ತಿ ಮುಗಿಸಿದನಾ ಅಂತಲೂ ಕೇಳಿ.

ಮತ್ತೆ ಬರುತ್ತದಾ? ಫಾಲ್ಸಿಪಾರಂ ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮರಳುವ ಜಾತಿಯಲ್ಲ. ಹಾಗೆ ಮಾಡುವುದು ವೈವಾಕ್ಸ್ ಅನ್ನುವ ಇನ್ನೊಂದು ಜಾತಿಯ ಮಲೇರಿಯಾ. ಫಾಲ್ಸಿಪಾರಂ ಮದ್ದು ಅರ್ಧಕ್ಕೆ ನಿಂತರೆ ಕೆಲವು ವಾರದೊಳಗೆ ತಿರುಗಿ ಏಳಬಹುದು. ಆದರೆ ಹೊಸದಾಗಿ ಸೊಳ್ಳೆ ಕಚ್ಚಿದರೆ ಹೊಸ ಮಲೇರಿಯಾ ಬರುತ್ತದೆ. ಒಮ್ಮೆ ಬಂದದ್ದು ಕಾಪಾಡುವುದಿಲ್ಲ.

ಕಷಾಯದ ವಿಷಯ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ಈಗ ಬೇಡಮ್ಮಾ. ಈ ಕಾಯಿಲೆಯಲ್ಲಿ ಲಿವರ್ ಪೆಟ್ಟು ತಿಂದಿರುತ್ತದೆ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಊತವಾದ ವರದಿಗಳು ನಮ್ಮ ದೇಶದಲ್ಲೇ ಬಂದಿವೆ. ಗಂಜಿ ಕೊಡಿ, ತುಪ್ಪ ಕೊಡಿ, ಹೆಸರುಬೇಳೆ ತೊವ್ವೆ ಕೊಡಿ. ಅಲ್ಲಿಯೂ ಅವನಿಗೆ ‘ಉಜಿ’ ಸಿಗುತ್ತದೆ. ‘ಉಲೇಜಿ’ ಹಿಟ್ಟಿನ ಗಂಜಿ ಅದು. ಉಲೇಜಿ ಅಂದರೆ ನಮ್ಮ ರಾಗಿಯೇ, ಅದರ ತವರೂ ಪೂರ್ವ ಆಫ್ರಿಕಾವೇ. ನನಗೆ ನಾಲಿಗೆ ರುಚಿ ಮರಳಿದ್ದು ಆ ಉಜಿ ಕುಡಿದ ಮೇಲೆ. ಬೆಳಿಗ್ಗೆ ಒಂದು ಲೋಟ ಕುಡಿಯಲು ಹೇಳಿ.

ರಜೆಗೆ ಬಂದ ಮೇಲೆ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬಾಯಿ ಬಿಟ್ಟ ಮೊದಲ ಮಾತು ‘ಇವನು ತಾಂಜಾನಿಯಾದಿಂದ ಬಂದಿದ್ದಾನೆ’ ಅಂತ ಇರಲಿ. ನೀವು ಹೇಳದಿದ್ದರೆ ನಮ್ಮ ಕಡೆಯ ಡಾಕ್ಟರು ಮೊದಲು ಯೋಚಿಸುವುದು ಡೆಂಗಿ, ಇಲಿಜ್ವರ, ಬೇಸಿಗೆಯಾದರೆ ಮಂಗನ ಕಾಯಿಲೆ. ಅದು ಸಹಜ. ಆದರೆ ಫಾಲ್ಸಿಪಾರಂನಲ್ಲಿ ಒಂದು ದಿನ ತಪ್ಪಿದರೂ ದೊಡ್ಡದು. ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ರಕ್ತಪರೀಕ್ಷೆಗೆ ದುಡ್ಡು ತಗೊಳ್ಳುವುದಿಲ್ಲ. ಹಾಗೆಯೇ ಅವನು ತೋಟಕ್ಕೆ, ಕಾಡಂಚಿಗೆ ಓಡಾಡಿ ಉಣುಗು ಕಚ್ಚಿಸಿಕೊಂಡು ವಾಪಸ್ ಹೋದ ಮೇಲೆ ಜ್ವರ ಬಂದರೆ, ಮ್ವಾಂಜಾದ ಡಾಕ್ಟರಿಗೆ ಮಲೆನಾಡಿನ ಸುದ್ದಿ ಹೇಳಬೇಕು. ಮಂಗನ ಕಾಯಿಲೆಯ ಹೆಸರನ್ನೇ ಅವರು ಕೇಳಿರಲಿಕ್ಕಿಲ್ಲ.

ಕೆಲಸ ಬಿಡಿಸುವುದು? ಅವನನ್ನೇ ಕೇಳಿ ಅಮ್ಮಾ. ಕಿಟಕಿಗೆ ಜಾಲರಿ ಹಾಕಿಸಿಕೊಟ್ಟಿದ್ದಾರಾ, ಔಷಧಿ ಹಚ್ಚಿದ ಸೊಳ್ಳೆ ಪರದೆ ಇದೆಯಾ, ಆಸ್ಪತ್ರೆ ಖರ್ಚು ಕಂಪನಿ ಕೊಡುತ್ತದಾ? ಇವಿದ್ದರೆ ಮೈ ಸುಧಾರಿಸಿದ ಮೇಲೆ ಅವನು ಅಲ್ಲೇ ಇರಲಿ. ನಾನೂ ಗುಣವಾದ ಮೇಲೆ ವರ್ಷಗಟ್ಟಲೆ ಅಲ್ಲೇ ಇದ್ದೆ. ಕಂಪನಿಯವರು ಇದಾವುದಕ್ಕೂ ತಲೆ ಹಾಕುವುದಿಲ್ಲ ಅಂದರೆ ಕರೆಸಿಕೊಳ್ಳಿ. ಆ ಸಂಬಳಕ್ಕಿಂತ ಮಗ ದೊಡ್ಡವನು.

ಪ್ರಶ್ನೆ: ಮೇಡಂ, ನಾನು ಸೊರಬದವನು. ಮುಂದಿನ ತಿಂಗಳು ಉಗಾಂಡಾದ ಕಂಪಾಲಾಕ್ಕೆ ಕೆಲಸಕ್ಕೆ ಹೊರಟಿದ್ದೇನೆ. ಮಳೆ, ಉಣುಗು, ಜಿಗಣೆ ಎಲ್ಲದರ ನಡುವೆ ಬೆಳೆದವನಿಗೆ ಅಲ್ಲಿಯ ಸೊಳ್ಳೆ ಏನು ಮಾಡೀತು ಅಂತ ಗೆಳೆಯರು ಹೇಳುತ್ತಾರೆ. ನಿಜವಾಗಿ ಏನೇನು ತಯಾರಿ ಬೇಕು?
– ಸೊರಬದ ಯುವಕ

ಉತ್ತರ: ಗೆಳೆಯರ ಮಾತು ಅಲ್ಲೇ ಬಿಡಿ ತಮ್ಮಾ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಿಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ ಬರುವ ವೈರಸ್. ಮಲೇರಿಯಾದ ರೋಗಾಣುವೇ ಬೇರೆ. ಒಂದನ್ನು ಕಂಡ ಮೈ ಇನ್ನೊಂದನ್ನು ತಡೆಯುವುದಿಲ್ಲ.

ಮೊದಲು ಹಳದಿಜ್ವರದ ಲಸಿಕೆ. ಇದಿಲ್ಲದೆ ಉಗಾಂಡಾಕ್ಕೆ ಪ್ರವೇಶ ಇಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಗಾಗಿ ಬೆಂಗಳೂರಿಗೆ ಹೋಗುವ ದಿನ ಈಗಲೇ ಗೊತ್ತುಮಾಡಿಕೊಳ್ಳಿ. ಹಾಕಿಸಿಕೊಂಡ 10 ದಿನದ ನಂತರವಷ್ಟೇ ಸರ್ಟಿಫಿಕೇಟ್‌ಗೆ ಬೆಲೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಆ ಸರ್ಟಿಫಿಕೇಟ್ ಇರುವ ಹಳದಿ ಪುಸ್ತಕ ಕಳೆಯಬೇಡಿ. ಅದಿಲ್ಲದೆ ವಾಪಸ್ ಇಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಬೇರೆ ಇಡಬಹುದು. ಮೊಟ್ಟೆ ಅಲರ್ಜಿ ಇದ್ದರೆ ಸೂಜಿಗೆ ಮೊದಲೇ ಹೇಳಿ.

ಮಲೇರಿಯಾಕ್ಕೆ ಮೊದಲ ತಿಂಗಳುಗಳಲ್ಲಿ ತಡೆಮಾತ್ರೆ ತಗೊಳ್ಳಿ ಅನ್ನುವುದು ನನ್ನ ಸಲಹೆ. ಡಾಕ್ಸಿಸೈಕ್ಲಿನ್ ದಿನಕ್ಕೊಂದು, ಆ ಪ್ರದೇಶ ಬಿಟ್ಟ ಮೇಲೂ 4 ವಾರ. ನಿಮಗೆ ಯಾವುದು ಆಗುತ್ತದೆ ಅಂತ ಡಾಕ್ಟರು ನೋಡಿ ಬರೆಯಲಿ. ಮಾತ್ರೆ ತಗೊಂಡರೂ ಪರದೆ ಬಿಡಬೇಡಿ. ಮಲೇರಿಯಾದ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಡೆಂಗಿಯದು ಹಗಲಿನಲ್ಲಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ. ಬೆರಳು ಚುಚ್ಚಿ ನೋಡುವ ಪರೀಕ್ಷೆಗೆ 20 ನಿಮಿಷ ಸಾಕು. ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮಾರನೇ ದಿನ ಮತ್ತೆ ಮಾಡಿಸಿ.

ಇನ್ನೊಂದು. ದಂಡಾವತಿ ಹೊಳೆಯಲ್ಲಿ ಈಜಿ ಬೆಳೆದವರು ನೀವು. ವಿಕ್ಟೋರಿಯಾ ಸರೋವರ ಕಂಡ ಕೂಡಲೇ ಧುಮುಕಬೇಕು ಅನ್ನಿಸುತ್ತದೆ. ಬೇಡ. ಆ ನೀರಿನ ಬಸವನಹುಳುಗಳಿಂದ ಹೊರಬರುವ ಕಣ್ಣಿಗೆ ಕಾಣದ ಮರಿಹುಳು ಸೀದಾ ಚರ್ಮದೊಳಗೆ ಇಳಿಯುತ್ತದೆ. ಬಿಲ್‌ಹಾರ್ಜಿಯಾ ಅಂತ ಕಾಯಿಲೆ. ಕೆಲವು ವಾರದ ಮೇಲೆ ಜ್ವರ, ತುರಿಕೆ ಬರಬಹುದು, ಏನೂ ಕಾಣದೆ ವರ್ಷಗಟ್ಟಲೆ ಒಳಗೇ ಹಾಳುಮಾಡಲೂಬಹುದು. ಪ್ರಾಜಿಕ್ವಾಂಟೆಲ್ ಅನ್ನುವ ಮಾತ್ರೆ ಇದೆ. ಈಜಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಪ್ರಶ್ನೆ: ನನ್ನ ಯಜಮಾನರು ಆಫ್ರಿಕಾದ ಒಂದು ದೇಶದಲ್ಲಿ ಹೋಟೆಲ್ ಕೆಲಸಕ್ಕಿದ್ದಾರೆ. ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದಾರೆ. ಮಾಲೀಕರು ಫೋನ್ ಎತ್ತುತ್ತಿಲ್ಲ, ಆಸ್ಪತ್ರೆಯವರು ದುಡ್ಡು ಕೇಳುತ್ತಿದ್ದಾರೆ. ಯಾರನ್ನು ಕೇಳಬೇಕು?
– ಸಾಗರದಿಂದ ಒಬ್ಬ ಹೆಂಡತಿ

ಉತ್ತರ: ತಂಗೀ, ಈ ಸಂಚಿಕೆ ಬರುವವರೆಗೆ ನೀವು ಕಾಯಬಾರದು ಅಂತ ನಿಮಗೆ ಮೊದಲೇ ಫೋನ್ ಮಾಡಿ ಹೇಳಿದ್ದೇನೆ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಇವತ್ತೇ ಫೋನ್ ಮಾಡಿ, ಇಮೇಲ್ ಕೂಡ ಕಳಿಸಿ. ಅವರ ಹತ್ತಿರ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ. 2009ರಲ್ಲಿ ಶುರುವಾದದ್ದು. ಕೈಯಲ್ಲಿ ಕಾಸಿಲ್ಲದೆ ಕಷ್ಟಕ್ಕೆ ಸಿಕ್ಕಿದ ನಮ್ಮವರ ತುರ್ತು ಚಿಕಿತ್ಸೆಗೆ, ಊರಿಗೆ ಮರಳುವ ಟಿಕೆಟ್‌ಗೆ ಅದರಿಂದ ಸಹಾಯ ಕೊಡಲು ಅವಕಾಶ ಇದೆ. ಎಲ್ಲರಿಗೂ ಸಿಗುವುದಿಲ್ಲ, ಪರಿಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಅದಕ್ಕೇ ಕಾಗದಪತ್ರ ಗಟ್ಟಿಯಾಗಿರಬೇಕು. ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಮಾಲೀಕರ ಹೆಸರು ವಿಳಾಸ, ಆಸ್ಪತ್ರೆಯ ಬಿಲ್, ಡಾಕ್ಟರು ಬರೆದ ವರದಿ, ನಿಮ್ಮ ಮನೆಯ ಸ್ಥಿತಿ ಹೇಳುವ ಒಂದು ಪುಟದ ಅರ್ಜಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಅಲ್ಲಿ ಸಿಗುವ ನಂಬರ್ ಇಟ್ಟುಕೊಂಡರೆ ದೂರು ಎಲ್ಲಿಗೆ ಬಂತು ಅಂತ ನೀವೇ ನೋಡಬಹುದು.

ಸರಿಯಾಗಿ ಗುಣವಾಗುವ ಮೊದಲು ವಿಮಾನ ಹತ್ತಿಸಿ ಕಳಿಸಿಬಿಡಿ ಅಂತ ಮಾತ್ರ ಕೇಳಬೇಡಿ. ಪ್ರಯಾಣ ಮಾಡಬಹುದು ಅಂತ ಅಲ್ಲಿಯ ಡಾಕ್ಟರು ಬರೆದುಕೊಟ್ಟ ಮೇಲೆಯೇ ಟಿಕೆಟ್. ಬರುವಾಗ ಎಲ್ಲ ರಿಪೋರ್ಟು, ಕೊಟ್ಟ ಔಷಧಿಯ ಪಟ್ಟಿ ಅವರ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ಊರಿಗೆ ಬಂದ ಮೇಲೆ ಅದೇ ಕಾಗದಗಳನ್ನು ಹಿಡಿದು ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿ. ದಾರಿ ತೋಚದಿದ್ದರೆ ನನಗೆ ಮತ್ತೆ ಫೋನ್ ಮಾಡಿ.